ಎಸ್ಟ್ರಾಡಿಯೋಲ್ ಜೆಲ್, ಪ್ರೊಜೆಸ್ಟರಾನ್ ಕ್ಯಾಪ್ಸೂಲ್: ಮಲೆನಾಡಿನ ಮನೆಯಲ್ಲಿ ಡೋಸ್ ಹದಕ್ಕೆ ತರುವ ಬಗೆ

ಮುಟ್ಟು ಪೂರ್ತಿ ನಿಂತಿರುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ. ಒಮ್ಮೆ ಇಪ್ಪತ್ತು ದಿನಕ್ಕೆ, ಇನ್ನೊಮ್ಮೆ ಎರಡು ತಿಂಗಳಿಗೆ. ಆಗುಂಬೆಯ ಮಳೆ ಸುರಿಯುವ ರಾತ್ರಿಯಲ್ಲೂ ಕಂಬಳಿ ಒದ್ದು ಏಳುವಷ್ಟು ಬೆವರು. ಪೆರಿಮೆನೋಪಾಸ್ ಎಂದು ಡಾಕ್ಟರು ಹೆಸರಿಡುವ ಈ ಘಟ್ಟಕ್ಕೆ ಬರೆಯುವ ಹಾರ್ಮೋನ್‌ಗಳಲ್ಲಿ ನಮ್ಮ ಮೊದಲ ಮತ 0.06% ಎಸ್ಟ್ರಾಡಿಯೋಲ್ (ಈಸ್ಟ್ರೋಜನ್ ಬಗೆಯ ಹಾರ್ಮೋನ್) ಜೆಲ್ ಮತ್ತು ಮೈಕ್ರೊನೈಸ್ಡ್, ಅಂದರೆ ನುಣ್ಣಗೆ ಪುಡಿಮಾಡಿದ, ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಜೋಡಿಗೆ. ಅಂಗಡಿಯಲ್ಲಿ ಜೆಲ್‌ಗೆ ಓಸ್ಟ್ರೋಜೆಲ್ ಎನ್ನಿ. ಕ್ಯಾಪ್ಸೂಲ್ ಸಸ್ಟೆನ್, ನ್ಯಾಚುರೋಜೆಸ್ಟ್ ಮುಂತಾದ ಹೆಸರುಗಳಲ್ಲಿ ಬರುತ್ತದೆ.

ಕಾರಣ ಸರಳ. ಈ ವಯಸ್ಸಿನಲ್ಲಿ ಅಂಡಾಶಯ ಮೆಟ್ಟಿಲಿಳಿದ ಹಾಗೆ ಕ್ರಮವಾಗಿ ಇಳಿಯುವುದಿಲ್ಲ. ಒಂದು ತಿಂಗಳು ಬೇಕಾದ್ದಕ್ಕಿಂತ ಹೆಚ್ಚು ಈಸ್ಟ್ರೋಜನ್ ಸುರಿಯುತ್ತದೆ, ಮುಂದಿನ ತಿಂಗಳು ಸುಮ್ಮನಿರುತ್ತದೆ. ಹಾಗಾಗಿ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಲು ಬರಬೇಕು. ಎರಡೂ ಹಾರ್ಮೋನ್ ಒಂದರಲ್ಲೇ ಬೆರೆತ ಮಾತ್ರೆಯಲ್ಲಿ ಅದಕ್ಕೆ ಜಾಗವಿಲ್ಲ. ಇದೇ ಲಕ್ಷಣಗಳಿಗೆ ಕೊಡುವ ಇನ್ನೊಂದು ಮಾತ್ರೆ ಟಿಬೊಲೋನ್ ಅಂತೂ ಮುಟ್ಟು ನಿಂತು ಒಂದು ವರ್ಷವಾದ ಮೇಲಿನ ಮಾತು. ಈಗಲೇ ತಿಂದರೆ ಕಂಡಾಪಟ್ಟೆ ರಕ್ತ ಕಾಣಿಸಿಕೊಳ್ಳುತ್ತದೆ. ಎಸ್ಟ್ರಾಡಿಯೋಲ್ ವ್ಯಾಲರೇಟ್ ಮಾತ್ರೆ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ನುಂಗಿದ ಈಸ್ಟ್ರೋಜನ್ ಮೊದಲು ಲಿವರ್ ಹಾದು ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ತುಸು ಏರುತ್ತದೆ. ಸಾಮಾನ್ಯ ಡೋಸ್‌ನಲ್ಲಿ ಚರ್ಮದ ಮೂಲಕ ಹೋಗುವ ಜೆಲ್‌ಗೆ ಆ ತೊಂದರೆ ಕಂಡುಬಂದಿಲ್ಲ. ತೂಕ ಹೆಚ್ಚಿರುವವರಿಗೆ, ಬಿಪಿ ಇರುವವರಿಗೆ, ಮೈಗ್ರೇನ್ ಕಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಈಗ ಅಳತೆ. 1.25 ಗ್ರಾಂ ಜೆಲ್‌ನಲ್ಲಿ 0.75 ಮಿಲಿಗ್ರಾಂ ಎಸ್ಟ್ರಾಡಿಯೋಲ್ ಇದೆ. ಪಂಪ್ ಬಾಟಲಿಯಾದರೆ ಒಂದು ಒತ್ತಿಗೆ ಇಷ್ಟು. ಹೊಸ ಬಾಟಲಿಯ ಮೊದಲ ಒಂದೆರಡು ಒತ್ತು ಸರಿಯಾಗಿ ತುಂಬಿರುವುದಿಲ್ಲ, ಅದನ್ನು ಎಸೆಯಬೇಕು. ಟ್ಯೂಬ್ ಆದರೆ ಜೊತೆಗಿರುವ ಅಳತೆಪಟ್ಟಿಯ ಮೇಲೆ ಹಿಂಡಬೇಕು: ಪೂರ್ತಿ ಪಟ್ಟಿ 2.5 ಗ್ರಾಂ, ಅರ್ಧದ ಗೆರೆ 1.25 ಗ್ರಾಂ. ಈ ಪಟ್ಟಿಯೇ ಇಡೀ ಸರಂಜಾಮಿನ ದುರ್ಬಲ ಭಾಗ. ಅದು ಕಳೆದುಹೋದ ಮೇಲೆ ಬೆರಳಂದಾಜಿನಲ್ಲಿ ಹಚ್ಚುವವರು ಬಹಳ, ಆಮೇಲೆ ‘ಒಂದು ವಾರ ಚೆನ್ನಾಗಿತ್ತು, ಈ ವಾರ ಇಲ್ಲ’ ಎನ್ನುವವರೂ ಅವರೇ. ಎರಡೂ ಇದ್ದರೆ ಪಂಪನ್ನೇ ಕೇಳಿ.

ಪೆರಿಮೆನೋಪಾಸ್‌ನಲ್ಲಿ ದಿನಕ್ಕೆ 1.25 ಗ್ರಾಂನಿಂದ ಶುರು ಮಾಡುವುದು ಜಾಣತನ. 2.5 ಗ್ರಾಂ ಸಾಮಾನ್ಯ ಡೋಸ್, 5 ಗ್ರಾಂ ಮೇಲಿನ ಮಿತಿ. 80 ಗ್ರಾಂನ ಪ್ಯಾಕ್ ಮೊದಲನೆಯ ಅಳತೆಯಲ್ಲಿ 64 ದಿನ, ಎರಡನೆಯದರಲ್ಲಿ 32 ದಿನ ಬರುತ್ತದೆ. ತೀರ್ಥಹಳ್ಳಿ, ಹೊಸನಗರದ ಒಳಗಿನ ಊರಿನವರು ಜೂನ್‌ಗೆ ಮೊದಲೇ ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ಜೆಲ್ ತೀರಿತು, ದರೆ ಕುಸಿದು ಬಸ್ಸು ನಿಂತಿತು ಎಂದರೆ ವಾರದೊಳಗೆ ಬೆವರು ಮರಳಿ ಬಂದೀತು.

ಹಚ್ಚುವ ಜಾಗ: ಭುಜದಿಂದ ಮಣಿಕಟ್ಟಿನವರೆಗೆ ತೋಳಿನ ಹೊರಭಾಗ, ಇಲ್ಲವೇ ತೊಡೆಯ ಒಳಭಾಗ. ಎದೆಗೆ ಬೇಡ. ಒಂದೇ ಕಡೆ ಗುಪ್ಪೆ ಹಾಕದೆ ಅಂಗೈಯಗಲಕ್ಕಿಂತ ಹೆಚ್ಚು ಜಾಗಕ್ಕೆ ತೆಳ್ಳಗೆ ಹರಡಿ, ತಿಕ್ಕುವ ಅಗತ್ಯವಿಲ್ಲ. ಐದು ನಿಮಿಷ ಆರಲು ಬಿಟ್ಟು, ಕೈ ಸೋಪಿನಲ್ಲಿ ತೊಳೆದು, ಆಮೇಲೆ ರವಿಕೆ ತೊಡಿ. ಒಂದು ಗಂಟೆ ಆ ಜಾಗಕ್ಕೆ ನೀರು, ಕ್ರೀಮು ಏನೂ ಬೇಡ, ಮೊಮ್ಮಕ್ಕಳನ್ನು ಆ ತೋಳಿನಲ್ಲಿ ಎತ್ತಿಕೊಳ್ಳುವುದೂ ಬೇಡ. ಮಗುವಿನ ಚರ್ಮಕ್ಕೆ ತಗುಲಿದ ಹಾರ್ಮೋನ್ ಮಗುವಿನ ಮೈಯಲ್ಲೂ ಕೆಲಸ ಮಾಡುತ್ತದೆ.

ನಮ್ಮ ಮನೆಗಳಿಗೆ ಇನ್ನೆರಡು ಎಚ್ಚರಿಕೆ. ಜೆಲ್‌ನಲ್ಲಿ ಆಲ್ಕೋಹಾಲ್ ಇದೆ, ಒಣಗುವವರೆಗೆ ಬೆಂಕಿ ಹತ್ತಿಕೊಳ್ಳುತ್ತದೆ. ಹಂಡೆಯ ಒಲೆ ಉರಿಯುವ ಬಚ್ಚಲಿನಲ್ಲಿ ಸ್ನಾನ ಮುಗಿಸಿ ಅಲ್ಲೇ ನಿಂತು ಹಚ್ಚಬೇಡಿ, ಕೋಣೆಗೆ ಬನ್ನಿ. ಎರಡನೆಯದು ಎಣ್ಣೆ. ಅಭ್ಯಂಜನದ ದಿನ ಸೀಗೆಪುಡಿಯಲ್ಲಿ ಜಿಡ್ಡು ಪೂರ್ತಿ ಹೋಗಿ ಮೈ ಒಣಗಿದ ಮೇಲಷ್ಟೇ ಜೆಲ್. ಎಣ್ಣೆಯ ಪದರದ ಮೇಲೆ ಹಚ್ಚಿದರೆ ಎಷ್ಟು ಒಳಹೋಯಿತು ಎಂಬ ಲೆಕ್ಕವೇ ಉಳಿಯುವುದಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹಚ್ಚಿ ಕೂಡಲೇ ಬೆವರುವ ಕೆಲಸಕ್ಕೆ ಇಳಿಯುವವರು ರಾತ್ರಿಗೆ ಬದಲಿಸಿಕೊಳ್ಳಬಹುದು. ಹೊತ್ತು ಯಾವುದಾದರೂ ಆದೀತು, ದಿನಾ ಅದೇ ಇರಲಿ. ಮರೆತಾಗ ಮುಂದಿನ ಡೋಸ್‌ಗೆ 12 ಗಂಟೆಗಿಂತ ಹೆಚ್ಚು ಇದ್ದರೆ ಹಚ್ಚಿ, ಇಲ್ಲದಿದ್ದರೆ ಬಿಡಿ. ಎರಡು ಪಟ್ಟು ಹಚ್ಚಿ ಸರಿದೂಗಿಸಬೇಡಿ.

ಗರ್ಭಕೋಶ ಇರುವವರು ಜೆಲ್ ಒಂದನ್ನೇ ಬಳಸಕೂಡದು. ಬರೀ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರ್‌ವರೆಗೂ ಹೋಗಬಹುದು. ಮುಟ್ಟು ಇನ್ನೂ ಬರುತ್ತಿರುವವರಿಗೆ ತಿಂಗಳಿಗೆ 12ರಿಂದ 14 ರಾತ್ರಿ 200 ಮಿಲಿಗ್ರಾಂ ಪ್ರೊಜೆಸ್ಟರಾನ್ ವಾಡಿಕೆಯ ಕ್ರಮ. ಮುಟ್ಟಿನ ದಿನವೇ ಗೊತ್ತಾಗದವರಿಗೆ ಪ್ರತಿ ತಿಂಗಳು 1ರಿಂದ 12ನೇ ತಾರೀಖಿನವರೆಗೆ ಎಂದು ಗೊತ್ತುಮಾಡಿಕೊಳ್ಳುವುದು ಸುಲಭ. ಕ್ಯಾಪ್ಸೂಲ್ ನಿಲ್ಲಿಸಿದ ಕೆಲವು ದಿನಕ್ಕೆ ಸ್ರಾವ ಬರುತ್ತದೆ. ದಿನಾ 100 ಮಿಲಿಗ್ರಾಂ ನಿರಂತರವಾಗಿ ತೆಗೆದುಕೊಳ್ಳುವ ಕ್ರಮ ಮುಟ್ಟು ನಿಂತವರಿಗೆ ಹೊಂದುತ್ತದೆ. ಈಗಲೇ ಹಿಡಿದರೆ ಆಗಾಗ ಬಟ್ಟೆಗೆ ಕಲೆ ಕಾಣುವ ಕಿರಿಕಿರಿ. ಜೆಲ್ 5 ಗ್ರಾಂವರೆಗೆ ಏರಿತೆಂದರೆ ಪ್ರೊಜೆಸ್ಟರಾನ್ ಕೂಡ ಏರಬೇಕು. ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಜೆಲ್ ಒಂದನ್ನೇ ಹೆಚ್ಚಿಸಿ ಕ್ಯಾಪ್ಸೂಲ್ ಮರೆಯುವುದು ತಪ್ಪುಗಳಲ್ಲಿ ದೊಡ್ಡದು.

ಕ್ಯಾಪ್ಸೂಲ್ ನಿದ್ದೆ ಬರಿಸುತ್ತದೆ, ನಿದ್ದೆ ಕೆಟ್ಟವರಿಗೆ ಇದೊಂದು ಲಾಭ. ಆದರೆ ಊಟದ ಜೊತೆ ಹೋದರೆ ರಕ್ತಕ್ಕೆ ಸೇರುವ ಪ್ರಮಾಣ ಏರಿ ಬೆಳಿಗ್ಗೆ ತಲೆ ಭಾರ, ಎದ್ದಾಗ ತೇಲಿದ ಹಾಗೆ. ನಮ್ಮಲ್ಲಿ ಒಂಬತ್ತಕ್ಕೆ ಅನ್ನ ಸಾರು ಉಂಡು ಹತ್ತಕ್ಕೆ ಮಲಗುವ ರೂಢಿ. ಊಟ ಎಂಟಕ್ಕೆ ಮುಗಿಸಿ, ಎರಡು ಗಂಟೆ ಬಿಟ್ಟು ನುಂಗಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಮೈಕ್ರೊನೈಸ್ಡ್ ಕ್ಯಾಪ್ಸೂಲ್ ಬರೆದಿದ್ದಾಗ ಅಂಗಡಿಯವರು ‘ಎರಡೂ ಒಂದೇ ಅಕ್ಕ’ ಎಂದು ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ) ಮಾತ್ರೆ ಕೊಟ್ಟರೆ ಒಪ್ಪಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಡಬ್ಬಿಯ ಚೀಟಿಯಲ್ಲಿ ಗರ್ಭಿಣಿಯರ ಮಾತು ಕಂಡರೆ ಗಾಬರಿಯೂ ಬೇಡ, ಅವರಿಗೂ ಇದನ್ನೇ ಬರೆಯುತ್ತಾರೆ.

ಹಬ್ಬಕ್ಕೆ, ಮಾರಿಜಾತ್ರೆಗೆ ಮುಟ್ಟು ಮುಂದೂಡಲು ಕೇಳಿ ತರುವ ನಾರ್‌ಎಥಿಸ್ಟರೋನ್ 5 ಮಿಲಿಗ್ರಾಂ ಮಾತ್ರೆ ಬೇರೆಯೇ ಔಷಧಿ. ದಿನಕ್ಕೆ ಮೂರರಂತೆ ತಿನ್ನುವ ಆ ಪ್ರಮಾಣದಲ್ಲಿ ಅದರ ಸ್ವಲ್ಪ ಭಾಗ ಮೈಯೊಳಗೆ ಎಥಿನೈಲ್ ಎಸ್ಟ್ರಾಡಿಯೋಲ್ ಆಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ತರುತ್ತದೆ. ಇದರ ಜೊತೆಗೆ ಅದನ್ನು ಸೇರಿಸಬೇಡಿ. ಕ್ಯಾಪ್ಸೂಲ್ ತಾರೀಖುಗಳನ್ನೇ ಡಾಕ್ಟರ ಸಲಹೆಯಂತೆ ಹಿಂದೆ ಮುಂದೆ ಮಾಡಿಕೊಂಡರೆ ಹಬ್ಬವೂ ನಡೆಯುತ್ತದೆ.

ಡೋಸ್ ಸರಿಯಿದೆಯೇ ಎಂದು ಅಳೆಯುವುದು ಲಕ್ಷಣದಿಂದ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ನಾಲ್ಕು ಗುರುತು ಸಾಕು: ಜೆಲ್ ಎಷ್ಟು, ಕ್ಯಾಪ್ಸೂಲ್ ಉಂಟೋ ಇಲ್ಲವೋ, ರಾತ್ರಿ ಬೆವರಿನಿಂದ ಎಚ್ಚರಾದದ್ದು ಎಷ್ಟು ಸಲ, ರಕ್ತ ಹೋಯಿತೇ. ಬಿಸಿ ಝಳ, ಬೆವರು ಇಳಿಯಲು 4ರಿಂದ 6 ವಾರ ಬೇಕು, ಪೂರ್ತಿ ಫಲಕ್ಕೆ ಮೂರು ತಿಂಗಳು. ಅಷ್ಟರೊಳಗೆ ಜೆಲ್ಲೂ ಕ್ಯಾಪ್ಸೂಲೂ ಒಟ್ಟಿಗೆ ಬದಲಿಸಿದರೆ ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ಆರು ವಾರ ಕಳೆದರೂ ಬೆವರು ಹಾಗೇ ಇದ್ದರೆ ಡೋಸ್ ಕಡಿಮೆ ಎಂದರ್ಥ. ಮೊಲೆ ನೋವು, ಹೊಟ್ಟೆ ಉಬ್ಬರ, ವಾಕರಿಕೆ, ಸ್ರಾವ ಜೋರಾಗುವುದು ಹೆಚ್ಚಾದದ್ದರ ಸೂಚನೆ. ಆದರೆ ಒಂದು ವಾರದ ಮೊಲೆ ನೋವಿಗೆ ಡೋಸ್ ಇಳಿಸಲು ಅವಸರಪಡಬೇಡಿ. ಅದು ನಿಮ್ಮದೇ ಅಂಡಾಶಯ ಆ ತಿಂಗಳು ಎದ್ದು ಕೂತದ್ದರ ಫಲವೂ ಇರಬಹುದು. ಎರಡು ಮೂರು ವಾರವಾದರೂ ಹೋಗದಿದ್ದರೆ ಮಾತ್ರ ಇಳಿಸುವ ಮಾತಾಡಿ.

45 ದಾಟಿದವರಿಗೆ, ಮುಟ್ಟು ನಿಲ್ಲುವ ಕಾಲ ಬಂತೇ ಎಂದು ರಕ್ತದಲ್ಲಿ ನೋಡುವ ಎಫ್‌ಎಸ್‌ಎಚ್ ಪರೀಕ್ಷೆ ಬಹುತೇಕ ದುಡ್ಡಿನ ದಂಡ: ಈ ವಾರ ಏರಿದ್ದು ಮುಂದಿನ ವಾರ ಇಳಿದಿರುತ್ತದೆ. ಆ ದುಡ್ಡಿನಲ್ಲಿ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್ ಮಾಡಿಸಿ. ಥೈರಾಯ್ಡ್ ಕೆಟ್ಟರೂ ಬೆವರು, ಎದೆಬಡಿತ, ಆಯಾಸ ಇರುತ್ತವೆ. ಡೋಸ್ ಏರಿಸಿದರೂ ಗುಣ ಕಾಣದಿದ್ದಾಗ ಮಾತ್ರ ರಕ್ತದ ಎಸ್ಟ್ರಾಡಿಯೋಲ್ ನೋಡಿಸುವುದು ಉಪಯುಕ್ತ. ಜೆಲ್ ಹಚ್ಚಿದ ತೋಳಿನಿಂದ ರಕ್ತ ಕೊಡಬೇಡಿ, ಚರ್ಮದ ಮೇಲಿನ ಔಷಧಿ ಸೂಜಿಗೆ ತಗುಲಿ ಅಂಕಿ ಸುಳ್ಳೇ ಏರುತ್ತದೆ.

ಖರೀದಿಯ ವಿಚಾರಕ್ಕೆ ಬಂದರೆ, ಜೆಲ್ ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಇರುತ್ತದೆಂಬ ಭರವಸೆ ಬೇಡ, ಹಿಂದಿನ ಪ್ಯಾಕ್ ಮುಗಿಯುವ ಹತ್ತು ದಿನ ಮೊದಲೇ ಹೇಳಿ ತರಿಸಿ. ಪೊಟ್ಟಣದ ಮೇಲೆ ‘ಎಸ್ಟ್ರಾಡಿಯೋಲ್ 0.06’ ಎಂದಿದೆಯೇ ನೋಡಿ; ಪ್ರೊಜೆಸ್ಟರಾನ್ ಜೆಲ್, ಎಸ್ಟ್ರಿಯೋಲ್ ಕ್ರೀಮ್ ಎರಡೂ ಬೇರೆ. ಎಸ್ಟ್ರಿಯೋಲ್ ಕ್ರೀಮ್ ಯೋನಿಯ ಒಣಗುವಿಕೆ, ಉರಿಮೂತ್ರಕ್ಕೆ: ಎರಡು ವಾರ ರಾತ್ರಿ 0.5 ಗ್ರಾಂ, ಆಮೇಲೆ ವಾರಕ್ಕೆ ಎರಡು ಸಲ. ಜೆಲ್ ಜೊತೆಗೂ ಬಳಸಬಹುದು, ಬಿಸಿ ಝಳಕ್ಕೆ ಇದರಿಂದ ಪ್ರಯೋಜನವಿಲ್ಲ.

‘ಹಾರ್ಮೋನ್ ಅಂದರೆ ಕ್ಯಾನ್ಸರ್’ ಎನ್ನುವ ಭಯ 2002ರಲ್ಲಿ ನಿಲ್ಲಿಸಿದ ಅಮೆರಿಕದ ದೊಡ್ಡ ಅಧ್ಯಯನದಿಂದ ಹಬ್ಬಿದ್ದು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಕೊಟ್ಟದ್ದು ಬೇರೆ ಹಾರ್ಮೋನ್‌ಗಳ ಮಾತ್ರೆ. ಹಾಗೆಂದು ಅಪಾಯ ಸೊನ್ನೆಯಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಲಿವರ್ ಕಾಯಿಲೆಯವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ಶುರು ಮಾಡಬಾರದು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಫಿಟ್ಸ್‌ಗೆ ಕಾರ್ಬಮಾಜೆಪಿನ್ ಅಥವಾ ಫೆನಿಟಾಯಿನ್, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅವು ಹಾರ್ಮೋನ್ ಬಲವನ್ನು ತಗ್ಗಿಸುತ್ತವೆ. ಮೊದಲ ಮೂರು ತಿಂಗಳ ಅಡ್ಡಾದಿಡ್ಡಿ ಸ್ರಾವ ಸಾಮಾನ್ಯ. ಆರು ತಿಂಗಳ ಮೇಲೂ ಮುಂದುವರಿದರೆ, ಅಥವಾ ಗಂಟೆಗೊಂದು ಪ್ಯಾಡ್ ತುಂಬಿದರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೋ ನಿಮ್ಮ ಡಾಕ್ಟರ ಹತ್ತಿರಕ್ಕೋ ಹೋಗಿ ಸ್ಕ್ಯಾನ್ ಮಾಡಿಸಿ. ಇನ್ನೊಂದು: ಈ ಜೋಡಿ ಗರ್ಭ ತಡೆಯುವುದಿಲ್ಲ. 50ರೊಳಗೆ ಮುಟ್ಟು ನಿಂತರೆ ಎರಡು ವರ್ಷ, 50ರ ಮೇಲೆ ನಿಂತರೆ ಒಂದು ವರ್ಷ ಗರ್ಭನಿರೋಧಕ ಬೇಕೇ ಬೇಕು. 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಹಾಕಿಸಿಕೊಂಡರೆ ಗರ್ಭನಿರೋಧವೂ ಆಗುತ್ತದೆ, ಐದು ವರ್ಷ ರಾತ್ರಿಯ ಕ್ಯಾಪ್ಸೂಲ್ ಕೂಡ ಬೇಕಾಗುವುದಿಲ್ಲ.