ಬೆಲ್ಟಿಗೆ ಕ್ಯಾಲೆಂಡರ್, ಹೋಸಿಗೆ ಬೆರಳು

ಮೂಡಿಗೆರೆ ಕಡೆಯ ತೋಟದ ಮನೆ ನಮ್ಮದು. ಎರಡು ಕಾರು, ಒಂದು ಸಣ್ಣ ಪೆಟ್ರೋಲ್, ಇನ್ನೊಂದು ಡೀಸೆಲ್. ಎರಡಕ್ಕೂ ಟೈಮಿಂಗ್ ಬೆಲ್ಟೇ, ಅಂದರೆ ಎಂಜಿನ್ನಿನ ಪಿಸ್ಟನ್, ವಾಲ್ವುಗಳ ತಾಳ ತಪ್ಪದಂತೆ ನೋಡಿಕೊಳ್ಳುವ ಹಲ್ಲಿನ ರಬ್ಬರ್ ಬೆಲ್ಟು. ಈ ಬೆಲ್ಟು, ಎಂಜಿನ್ ತಂಪಿಡುವ ನೀರು ಹರಿಯುವ ರಬ್ಬರ್ ಹೋಸುಗಳನ್ನು ಕೆಡುವ ಮೊದಲೇ ಬದಲಿಸೋದಾ, ಆಗಾಗ ನೋಡಿ ಬದಲಿಸೋದಾ, ಹೋದ ಮೇಲೆ ನೋಡಿಕೊಳ್ಳೋದಾ? ಮೂರನ್ನೂ ಮಾಡಿದ್ದೇನೆ. ಕೊನೆಯದು ಪ್ರಯೋಗವಲ್ಲ, ಶುದ್ಧ ಸೋಮಾರಿತನ.

ಬೆಲ್ಟ್ ಹೋಗುವವರೆಗೆ ಓಡಿಸಿದ್ದು ಪೆಟ್ರೋಲ್ ಕಾರನ್ನು. ಒಂಬತ್ತು ವರ್ಷವಾಗಿತ್ತು, ಓಡಿದ್ದು 62,000 ಕಿ.ಮೀ. ಮಾತ್ರ. ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರ್ ಇನ್ನೂ ಆಗಿಲ್ಲವಲ್ಲ ಅಂತ ಸುಮ್ಮನಿದ್ದೆ. ಅದೇ ಸಾಲಿನಲ್ಲಿ ಇಷ್ಟು ವರ್ಷ ಅಂತಲೂ ಇತ್ತು, ಅದನ್ನು ಓದಿರಲಿಲ್ಲ. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಬೆಲ್ಟಿನ ರಬ್ಬರ್ ಮುದಿಯಾಗುತ್ತದೆ. ಮೂಗ್ತಿಹಳ್ಳಿ ಹತ್ತಿರ ಎಂಜಿನ್ ತಟ್ಟನೆ ಆಫ್ ಆಯಿತು. ಹೊಗೆಯಿಲ್ಲ, ಸದ್ದಿಲ್ಲ, ಹೀಟ್ ಮುಳ್ಳು ಇದ್ದಲ್ಲೇ ಇದೆ. ಸೆಲ್ಫ್ ಹೊಡೆದರೆ ಹೊಲಿಗೆ ಮಷಿನ್ ಥರ ಹಗುರವಾಗಿ, ತಡೆಯೇ ಇಲ್ಲದೆ ತಿರುಗಿತು. ಆ ಸದ್ದು ಕೇಳಿದರೆ ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ. ಬೆಲ್ಟ್ ಹೋಗಿದೆ ಅಂತ ಅರ್ಥ: ವಾಲ್ವ್ ತೆರೆಯುವ ಕ್ಯಾಮ್ ನಿಂತು, ಪಿಸ್ಟನ್‌ಗೆ ಜೋಡಿಸಿದ ಕ್ರ್ಯಾಂಕ್ ಮಾತ್ರ ತಿರುಗುತ್ತಿರುತ್ತದೆ, ಮೇಲೆ ಬರುವ ಪಿಸ್ಟನ್ ತೆರೆದಿರುವ ವಾಲ್ವಿಗೆ ಗುದ್ದುತ್ತದೆ. ಎಲ್ಲ ಎಂಜಿನ್ನಿನಲ್ಲೂ ಹೀಗಾಗುವುದಿಲ್ಲ, ನನ್ನದರಲ್ಲಿ ಆಯಿತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ, ವಾಲ್ವ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ 27,000 ರೂಪಾಯಿ. ಮೊದಲೇ ಬೆಲ್ಟ್ ಹಾಕಿಸಿದ್ದರೆ ಆರೇಳು ಸಾವಿರದಲ್ಲಿ ಮುಗಿಯುತ್ತಿತ್ತು.

ಆಮೇಲೆ ಡೀಸೆಲ್ ಕಾರಿನಲ್ಲಿ 'ನೋಡಿ ಬದಲಿಸುವ' ದಾರಿ ಹಿಡಿದೆ. ಮೆಕ್ಯಾನಿಕ್ ಮೇಲಿನ ಕವರ್ ಬಿಚ್ಚಿ ಟಾರ್ಚ್ ಬಿಟ್ಟು, "ಬಿರುಕಿಲ್ಲ ಸಾರ್, ಇನ್ನೂ ಇಪ್ಪತ್ತು ಸಾವಿರ ಓಡತ್ತೆ" ಅಂದ. ನನಗೆ ಮೂಗ್ತಿಹಳ್ಳಿ ನೆನಪಿತ್ತು, ಮೂರು ತಿಂಗಳಿಗೇ ತೆಗೆಸಿದೆ. ಬೆಲ್ಟನ್ನು ಕೈಯಲ್ಲಿ ಹಿಡಿದಾಗ ಗೊತ್ತಾಯಿತು: ಕ್ರ್ಯಾಂಕಿನ ಆಯಿಲ್ ಸೀಲ್ ಜಿನುಗಿ ಒಂದು ಅಂಚು ಪೂರ್ತಿ ಎಣ್ಣೆ ಕುಡಿದು ಉಬ್ಬಿತ್ತು, ನಾಲ್ಕು ಹಲ್ಲುಗಳ ಬುಡ ಉಗುರಿಗೆ ಸಿಕ್ಕುವಷ್ಟು ಸಡಿಲ. ಟಾರ್ಚ್ ಬೆಳಕು ಅಲ್ಲಿಗೆ ಹೋಗುವುದೇ ಇಲ್ಲ. ಈಗಿನ ಬೆಲ್ಟುಗಳು ಮೇಲೆ ಬಿರುಕು ಬಿಡದೆ, ಒಳಗಿನ ಗ್ಲಾಸ್ ಫೈಬರ್ ಎಳೆ ಸವೆದು ಹೋಗುವುದೂ ಉಂಟು. ಹಾಗಾಗಿ ಬೆಲ್ಟಿನ ವಿಷಯದಲ್ಲಿ ಕಣ್ಣನ್ನು ನಂಬುವುದಿಲ್ಲ. ವರ್ಷ ಅಥವಾ ಕಿಲೋಮೀಟರ್, ಯಾವುದು ಮೊದಲು ಬರುತ್ತದೋ ಅದಕ್ಕೆ ತೆಗೆಸುತ್ತೇನೆ. ಜೊತೆಗೆ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ಅದು ಸುತ್ತಿ ಹೋಗುವ ಐಡ್ಲರ್ ಗಾಲಿ, ಸೀಲ್. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುವುದಾದರೆ ಅದೂ. ಹಳೆ ಇನ್ನೋವಾ ಡೀಸೆಲ್ಲಿನವರಿಗೆ ಡ್ಯಾಶ್‌ಬೋರ್ಡಿನಲ್ಲಿ ಬೆಲ್ಟ್ ಬದಲಿಸಿ ಅಂತ ಹೇಳುವ ಟಿ-ಬೆಲ್ಟ್ ದೀಪ ಇದೆ, ಆದರೆ ಅದಕ್ಕೆ ಗೊತ್ತಿರುವುದು ಕಿಲೋಮೀಟರ್ ಮಾತ್ರ. ಸ್ವಿಫ್ಟ್ 1.3 ಡೀಸೆಲ್ಲಿನವರು ಈ ಪ್ಯಾರಾ ಬಿಟ್ಟುಬಿಡಿ, ನಿಮ್ಮದು ಚೈನ್.

ಹೋಸಿನ ಕಥೆ ಉಲ್ಟಾ.

ಧರ್ಮಸ್ಥಳದಿಂದ ವಾಪಸ್ ಬರುವಾಗ, ಚಾರ್ಮಾಡಿ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿದ್ದೆವು. ಒಳಗೆಲ್ಲ ಬೆಲ್ಲದ ಪಾಕದ ವಾಸನೆ. "ಯಾರೋ ಕಜ್ಜಾಯ ಮಾಡ್ತಿದಾರೆ ಕಣ್ರೀ" ಅಂದಳು ಹೆಂಡತಿ. ಕೂಲಂಟ್! ಎಂಜಿನ್ ತಂಪಿಡುವ ದ್ರವದ ವಾಸನೆ ಅದು. ಹೀಟ್ ಮುಳ್ಳು ಏರುವ ಮೊದಲೇ ನಿಲ್ಲಿಸಿದೆ. ರೇಡಿಯೇಟರಿನ ಮೇಲಿನ ಹೋಸು ಕ್ಲಿಪ್ಪಿನ ಪಕ್ಕದಲ್ಲೇ ಸೀಳಿತ್ತು. ಮುಚ್ಚಳ ಮುಟ್ಟದೆ ಮುಕ್ಕಾಲು ಗಂಟೆ ಆರಲು ಬಿಟ್ಟು, ಸೀಳಿದ ತುದಿಯನ್ನು ಒಂದಿಂಚು ಕತ್ತರಿಸಿ ಮತ್ತೆ ತೂರಿಸಿ ಕ್ಲಿಪ್ ಬಿಗಿದೆ. ರಸ್ತೆ ಪಕ್ಕದ ಝರಿಯ ನೀರು ತುಂಬಿಕೊಂಡು ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿಂದೆವು. ಕೆಟ್ಟರೂ ಮನೆ ಸೇರಬಹುದು, ನಿಲ್ಲಿಸಿದರೆ. ಹಾಗೇ ಏರಿಸಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು.

ಆ ಭಯಕ್ಕೆ ಮುಂದಿನ ಸಲ ಬೆಲ್ಟಿನ ಜೊತೆ ಎಲ್ಲ ಹೋಸನ್ನೂ ಬದಲಿಸಿದೆ. ಹಳೆಯವನ್ನು ಕುತೂಹಲಕ್ಕೆ ಉದ್ದಕ್ಕೆ ಸೀಳಿ ನೋಡಿದರೆ, ಕೆಳಗಿನ ಒಂದನ್ನು ಬಿಟ್ಟು ಮಿಕ್ಕವೆಲ್ಲ ಒಳಗೆ ಹೊಸದರ ಹಾಗೇ ಇದ್ದವು. ಹೊಸದಾಗಿ ಹಾಕಿದ್ದರಲ್ಲಿ ಅಗ್ಗಕ್ಕೆ ತಂದ ಒಂದು ಒಂದೂವರೆ ವರ್ಷಕ್ಕೇ ಗಟ್ಟಿಯಾಗಿ ತುದಿಯಲ್ಲಿ ಒಸರತೊಡಗಿತು. ಇನ್ನೊಂದನ್ನು ಕಾಫಿ ಕೊಯ್ಲಿನ ಸಮಯದಲ್ಲಿ ಶೆಡ್ಡಿನ ಇಲಿ ಕಡಿದು ಹಾಕಿತು.

ಈಗ ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಪ್ರತಿ ಹೋಸಿನ ಎರಡೂ ತುದಿಯನ್ನು ಕ್ಲಿಪ್ಪಿನ ಪಕ್ಕದಲ್ಲೇ ಹಿಸುಕುತ್ತೇನೆ. ಹೋಸು ಒಳಗಿನಿಂದ ಕೆಡುವುದು ಹೆಚ್ಚಾಗಿ ಅಲ್ಲೇ. ನಡುಭಾಗಕ್ಕಿಂತ ಮೆತ್ತಗಿದ್ದರೆ, ಹಿಸುಕಿದಾಗ ಪರಪರ ಅಂದರೆ, ಕ್ಲಿಪ್ ಸುತ್ತ ಒಣಗಿದ ಕೂಲಂಟಿನ ಬಣ್ಣದ ಪುಡಿ ಇದ್ದರೆ ಅದೊಂದನ್ನೇ ಬದಲಿಸುತ್ತೇನೆ, ಕಂಪನಿಯದ್ದೇ. ಬೆಲ್ಟ್ ಕವರಿನ ಹಿಂದಿರುವ ಗಿಡ್ಡ ಬೈಪಾಸ್ ಹೋಸಿಗೆ ಬೆರಳು ಹೋಗುವುದಿಲ್ಲ, ಅದು ಬೆಲ್ಟಿನ ಜೊತೆಗೇ ಹೋಗಲಿ.

ಬಾನೆಟ್ ಒಳಗೆ ಬೆಲ್ಟ್ ಹಾಕಿದ ತಾರೀಖು, ಕಿಲೋಮೀಟರ್ ಮಾರ್ಕರಿನಲ್ಲಿ ಬರೆಸಿದ್ದೇನೆ. ಬರೆಯುತ್ತಿದ್ದ ಗ್ಯಾರೇಜಿನ ಹುಡುಗ ಪೆನ್ನು ಮುಚ್ಚುವ ಮೊದಲು ಕೇಳಿದ: "ಸಾರ್, ಇಲಿಗೂ ಒಂದು ಡೇಟ್ ಬರೀಲಾ?"