ಮಾಲ್ದೀವ್ಸ್ ರುಫಿಯಾ: ಮುಂಬಯಿಯಲ್ಲಿ ಕೊಳ್ಳಬೇಡಿ, ಮನೆಗೂ ತರಬೇಡಿ

ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಮಾಲ್ದೀವ್ಸ್‌ಗೆ ಹೊರಟವರು ಮೊದಲು ಕೇಳುವುದು, "ಅಲ್ಲಿನ ದುಡ್ಡು ಇಲ್ಲೇ ಸಿಗುತ್ತಾ?" ಎಂದು. ಫೋರ್ಟ್‌ನ ಮನಿ ಚೇಂಜರ್‌ಗಳಲ್ಲಿ ವಿಚಾರಿಸಿದರೆ ಒಮ್ಮೊಮ್ಮೆ ಸಿಗುತ್ತದೆ. ಸಿಕ್ಕರೂ ಕೊಳ್ಳಬೇಡಿ.

ರುಫಿಯಾದ ಬೆಲೆ ಡಾಲರಿಗೆ ಕಟ್ಟಿಹಾಕಿದ್ದು. 2011ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಡಾಲರಿಗೆ 10.28ರಿಂದ 15.42 ರುಫಿಯಾದ ನಡುವೆ ಎಂದು ಮಿತಿ ಹಾಕಿತು. ದರ ಹೋಗಿ ನಿಂತದ್ದು 15.42ರ ತುದಿಯಲ್ಲೇ. ಹಾಗಾಗಿ ನೀವು ಕೊಳ್ಳುವ ದಿನದ ಡಾಲರ್ ದರವನ್ನು 15.42ರಿಂದ ಭಾಗಿಸಿ ನೋಡಿ. ಡಾಲರ್ 88 ರೂಪಾಯಿ ಇದ್ದರೆ ರುಫಿಯಾ 5.71. ಕೌಂಟರಿನವರು 6.40 ಅಂದರೆ ನೂರು ರೂಪಾಯಿ ಬೆಲೆಯ ರುಫಿಯಾಕ್ಕೆ ಹನ್ನೆರಡು ರೂಪಾಯಿ ಹೆಚ್ಚು ಕೊಟ್ಟಂತೆ. ಕೇಳುವವರು ಕಡಿಮೆ, ನೋಟು ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಕೂರುತ್ತದೆ. ಆ ಖರ್ಚನ್ನೂ ನಿಮ್ಮ ದರಕ್ಕೇ ಸೇರಿಸುತ್ತಾರೆ.

ಇಲ್ಲಿಂದ ಡಾಲರ್ ಒಯ್ಯುವುದೇ ಸರಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೊಡಬೇಕು. ನಗದು ರೂಪಾಯಿ ಕೊಟ್ಟು ಕೊಳ್ಳಲು 50,000ದ ಒಳಗೆ ಮಾತ್ರ ಆಗುತ್ತದೆ, ಮೇಲಿನದಕ್ಕೆ ಬ್ಯಾಂಕ್ ಮೂಲಕವೇ ಪಾವತಿ. ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ಮಿತಿ. 25,000 ರೂಪಾಯಿವರೆಗಿನ ಖರೀದಿಗೆ ಜಿಎಸ್‌ಟಿ 45 ರೂಪಾಯಿ. ಅದಕ್ಕಿಂತ ಹೆಚ್ಚು ಹಾಕಿದ್ದರೆ ಬಿಲ್ ಬಿಡಿಸಿ ಕೇಳಿ. ಒಂದು, ಐದು ಡಾಲರಿನ ನೋಟು ಬೇಕಿದ್ದರೆ ಹಿಂದಿನ ದಿನವೇ ಹೇಳಿಡಿ, ಆ ಚಿಲ್ಲರೆ ಬೇಗ ಖಾಲಿಯಾಗುತ್ತದೆ. ಅಂಚು ಹರಿದ, ಶಾಯಿ ಗೀಚಿದ, ಪುಟ್ಟ ತಲೆಯ ಚಿತ್ರವಿರುವ ಹಳೆ ಮಾದರಿಯ ಡಾಲರನ್ನು ಕೌಂಟರಿನಲ್ಲೇ ವಾಪಸ್ ಕೊಡಿ. ಅಲ್ಲಿನ ರಾಜಧಾನಿ ಮಾಲೆಯಲ್ಲಿ ಅಂಥವನ್ನು ಮುಟ್ಟುವುದಿಲ್ಲ.

ರೆಸಾರ್ಟ್‌ಗೆ ಮಾತ್ರ ಹೋಗುವವರಿಗೆ ರುಫಿಯಾ ಬೇಕಾಗುವುದೇ ಇಲ್ಲ, ಬಿಲ್ಲೆಲ್ಲ ಡಾಲರಿನಲ್ಲಿ. ಮಾಫುಶಿಯಂಥ ಜನವಸತಿಯ ದ್ವೀಪದಲ್ಲಿ ಉಳಿಯುವವರಿಗೆ ಚಹಾ, ದೋಣಿ, ಅಂಗಡಿ ಸಾಮಾನಿಗೆ ಬೇಕು. ಅಂಗಡಿಯವರು ಡಾಲರ್ ತೆಗೆದುಕೊಂಡರೂ ಸಾಮಾನ್ಯವಾಗಿ 15ಕ್ಕೇ ಲೆಕ್ಕ ಹಿಡಿದು ಚಿಲ್ಲರೆ ರುಫಿಯಾದಲ್ಲಿ ಕೊಡುತ್ತಾರೆ. ಅಲ್ಲಿನ ವಿಮಾನ ನಿಲ್ದಾಣದ ಬ್ಯಾಂಕಿನಲ್ಲಿ ಸ್ವಲ್ಪ ಬದಲಾಯಿಸಿಕೊಂಡು ರಸೀದಿ ಇಟ್ಟುಕೊಳ್ಳಿ. ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡಿನಿಂದ ಎಟಿಎಂನಲ್ಲಿ ರುಫಿಯಾ ತೆಗೆದರೆ ಡಾಲರನ್ನು ಬೇರೆ ಹಣಕ್ಕೆ ತಿರುಗಿಸುವ ಕ್ರಾಸ್ ಕರೆನ್ಸಿ ಚಾರ್ಜ್ ಬೇರೆ ಬೀಳುತ್ತದೆ.

ನೋಟು ಮಾತ್ರ ನಿಜಕ್ಕೂ ಚೆಂದ. ಪಾಲಿಮರ್ ನೋಟುಗಳ ಈ ಸರಣಿ ಬರತೊಡಗಿದ್ದು 2015ರಲ್ಲಿ. ನೀಲಿ ಸಾವಿರದ ನೋಟಿನ ಒಂದು ಬದಿ ಆಮೆ, ಇನ್ನೊಂದು ಬದಿ ತಿಮಿಂಗಿಲ ಶಾರ್ಕ್. ನೀರು ಬಿದ್ದರೂ ಏನೂ ಆಗದು, ಸಮುದ್ರದ ನಡುವಿನ ದೇಶಕ್ಕೆ ಹೇಳಿಮಾಡಿಸಿದ ಹಾಗಿದೆ. ಆದರೆ ಮಡಚಿದರೆ ನಿಲ್ಲದು, ಜೇಬಿನಲ್ಲಿ ಬಿಚ್ಚಿಕೊಂಡು ಜಾರುತ್ತದೆ, ಪರ್ಸಿನಲ್ಲಿ ನೇರವಾಗಿಡಿ. ದೋಣಿ, ತೆಂಗಿನ ಗೊನೆಯ ಚಿತ್ರವಿರುವ ಹಳೆ ಕಾಗದದ ನೋಟು ಯಾರಾದರೂ ಕೊಟ್ಟರೆ ಬೇಡವೆನ್ನಿ. ಅಲ್ಲಿನ ಪೈಸೆಗೆ ಲಾರಿ ಎಂದು ಹೆಸರು, ನೂರು ಲಾರಿಗೆ ಒಂದು ರುಫಿಯಾ, ಎರಡು ರುಫಿಯಾದ ನಾಣ್ಯದ ಮೇಲೆ ಶಂಖ. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅನ್ನುತ್ತೇವಲ್ಲ, ಒಂದು ಕಾಲಕ್ಕೆ ಬಂಗಾಳದ ಪೇಟೆಗೆ ಹಣವಾಗಿ ಹೋಗುತ್ತಿದ್ದ ಕವಡೆ ಇದೇ ದ್ವೀಪಗಳದ್ದು.

ದೊಡ್ಡ ತೊಂದರೆ ಹಿಂತಿರುಗುವಾಗ. ಅಲ್ಲಿ ಡಾಲರಿನ ಅಭಾವ, ಕೈಯಲ್ಲಿರುವ ರುಫಿಯಾಕ್ಕೆ ಡಾಲರ್ ವಾಪಸ್ ಸಿಗುವುದು ಕಷ್ಟ. ರಸೀದಿ ಇಲ್ಲದಿದ್ದರೆ ಕೇಳುವುದೇ ಬೇಡ. ಮುಂಬಯಿಯಲ್ಲಿ ಕೊಳ್ಳುವವರು ಸಿಕ್ಕರೂ ಕೈಗೆ ಬರುವುದು ಅರೆಬರೆ ಬೆಲೆ, ನಾಣ್ಯವನ್ನಂತೂ ಯಾರೂ ತೆಗೆದುಕೊಳ್ಳರು. ಕೊನೆಯ ದಿನ ಬೆಳಗ್ಗೆಯೇ ಎಣಿಸಿ ನೋಡಿ, ಗೆಸ್ಟ್‌ಹೌಸಿನ ಬಾಕಿಯಲ್ಲಿ ಮೊದಲು ರುಫಿಯಾ ಕೊಟ್ಟು ಉಳಿದದ್ದಕ್ಕಷ್ಟೇ ಡಾಲರ್ ತೆಗೆಯಿರಿ.