ಕಾಲೇಜು, ಫುಟ್‌ಬಾಲ್, ಪ್ರೇಮ: ಯಾವ ಮೂಕಿ ಚಿತ್ರ ಮೊದಲು ನೋಡಲಿ?

‘ದಿ ಪ್ಲಾಸ್ಟಿಕ್ ಏಜ್’, ‘ಬ್ರೌನ್ ಆಫ್ ಹಾರ್ವರ್ಡ್’ ಎರಡೂ ಅಮೆರಿಕದ ಚಿತ್ರಗಳು. ಫುಟ್‌ಬಾಲ್ ಅಂದರೂ ಇದು ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡುವ ಅವರ ಆಟ.

1925ರ ‘ದಿ ಪ್ಲಾಸ್ಟಿಕ್ ಏಜ್’ ನೋಡಬೇಕಾದ್ದು ನಾಯಕಿ ಕ್ಲಾರಾ ಬೋಗಾಗಿ. ಓದು, ಆಟ ಬಿಟ್ಟು ಪಾರ್ಟಿಗಳ ಬೆನ್ನು ಹತ್ತಿದ ಹುಡುಗನ ಒಳಿತಿಗಾಗಿ ಅವಳೇ ದೂರ ಸರಿಯುತ್ತಾಳೆ. ಆ ಕಣ್ಣುಗಳಿಗೆ ಮಾತೇ ಬೇಡ. ನಾಯಕ ಡೊನಾಲ್ಡ್ ಕೀತ್ ಮಾತ್ರ ಅವಳೆದುರು ಸಪ್ಪೆ.

1926ರ ‘ಬ್ರೌನ್ ಆಫ್ ಹಾರ್ವರ್ಡ್’ನಲ್ಲಿ ವಿಲಿಯಂ ಹೇನ್ಸ್ ಜಂಬದ ಹುಡುಗ. ಮೊದಲರ್ಧ ಅವನ ಮೇಲೆ ಸಿಟ್ಟೇ ಬರುತ್ತದೆ, ಸ್ವಲ್ಪ ತಾಳಿ. ಮೇರಿ ಬ್ರಯಾನ್ ಜೊತೆಗಿನ ಪ್ರೇಮಕ್ಕಿಂತ ಇಲ್ಲಿ ಮನಸ್ಸಿಗೆ ನಾಟುವುದು ರೂಮ್‌ಮೇಟ್ ಜಿಮ್‌ನ ಸ್ನೇಹ. ಜ್ವರದಲ್ಲೂ ಗೆಳೆಯನಿಗಾಗಿ ಮಳೆಯಲ್ಲಿ ಹೊರಡುವ ಜಿಮ್ ಆಗಿ ಜ್ಯಾಕ್ ಪಿಕ್‌ಫೋರ್ಡ್ ನನ್ನನ್ನು ಅಳಿಸಿಬಿಟ್ಟ. ಯೇಲ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕೆ ತೂಕ ಬರುವುದೂ ಅದರಿಂದಲೇ.

ಒಂದನ್ನೇ ನೋಡುವುದಾದರೆ ‘ಬ್ರೌನ್’ ನೋಡಿ. ಪ್ರೇಮವೇ ಮುಖ್ಯ ಅನ್ನುವವರು ಕ್ಲಾರಾ ಬೋ ಕಡೆ ಹೋಗಿ. ನಗಬೇಕೆಂದರೆ ಎರಡೂ ಬೇಡ. ಹೆರಾಲ್ಡ್ ಲಾಯ್ಡ್‌ನ ‘ದಿ ಫ್ರೆಶ್‌ಮನ್’ (1925) ಇದೆ.